ಒಂದು ಹಸಿರು ಗಿಳಿ, ಒಂದು ನೀಲಿ ಗಿಳಿ

ಹಲಸೂರು, ಬೆಂಗಳೂರು
ಭಾನುವಾರ, 6 ಏಪ್ರಿಲ್ 2003

ಪ್ರೀತಿಯ ಅವ್ವಾ,

ನಿನ್ನ ಸುಜಾತಾಳ ನಮಸ್ಕಾರ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ದತ್ತು ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಬಂದವರಿಗೆಲ್ಲ ಸೀಸೆ ತೋರಿಸಿ, ‘ಮಗ ಬೆಂಗಳೂರಿಂದ ಕಳಿಸ್ಯಾನ’ ಎಂದು ಹೇಳಿ ಮತ್ತೆ ಗೂಡಿನಲ್ಲಿ ಇಡುತ್ತಿದ್ದೀಯೋ? ಅಪ್ಪನ ಕೆಮ್ಮು ನಿಂತಿತೇ? ಅಫಜಲಪುರದಲ್ಲಿ ಆಗಲೇ ಬಿಸಿಲು ಕಾಯುತ್ತಿರಬೇಕು. ಮಧ್ಯಾಹ್ನ ಹೊರಗೆ ಹೋಗಬೇಡ. ಯುಗಾದಿಗೆ ನೀನು ಹೋಳಿಗೆ ಮಾಡಿದ್ದೆಯಂತೆ. ನಾನು ಅವತ್ತು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮದುವೆ ಕಾರ್ಡಿನ ಕಟ್ಟು ಹಿಡಿದು ಹಬ್ಬ ಮಾಡಿದೆ. ನನ್ನ ಕ್ಷೇಮ ಕೇಳುವೆಯಾದರೆ, ಜ್ವರ ಇಲ್ಲ, ನೆಗಡಿ ಇಲ್ಲ, ಮೈಯಲ್ಲಿ ತ್ರಾಣವೂ ಇಲ್ಲ. ಹೊಟ್ಟೆ ತುಂಬ ಉಂಡು ಎರಡು ದಿನ ಯಾರೂ ಎಬ್ಬಿಸದೆ ಮಲಗಲು ಬಿಟ್ಟರೆ ಸರಿಹೋಗುತ್ತೇನೆ.

ಈ ಪತ್ರವನ್ನು ನಿನಗೆ ಅಪ್ಪ ಓದಿ ಹೇಳುತ್ತಿದ್ದಾರೆಂದು ನನಗೆ ಗೊತ್ತು. ದೀಪಾವಳಿಯಲ್ಲಿ ಚಷ್ಮಾ ಒಡೆಯಿತು, ಅವತ್ತಿನಿಂದ ಅವರೇ ಓದುತ್ತಾರೆ ಎಂದು ನೀನೇ ಹೇಳಿದ್ದೆ. ಅಪ್ಪಾ, ನೀವು ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಎದುರಿಗಿರುವುದು ಐದನೇ ತರಗತಿಯಲ್ಲ, ನಿಮ್ಮ ಹೆಂಡತಿ. ಸ್ವಲ್ಪ ನಿಧಾನವಾಗಿ ಓದಿ. ಬೇಡವಾದ ಸಾಲನ್ನು ನುಂಗಿಕೊಳ್ಳುವ ಅಭ್ಯಾಸ ನಿಮಗಿದೆ, ಇವತ್ತು ಒಂದಕ್ಷರವನ್ನೂ ನುಂಗಬೇಡಿ.

ಅವ್ವಾ, ಕಳೆದ ಭಾನುವಾರ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದೆನಲ್ಲ, ಅದಕ್ಕಾಗಿ ಈ ಪತ್ರ. ಫೋನಿನಲ್ಲೇ ತಪ್ಪಾಯಿತು ಎನ್ನಬಹುದಿತ್ತು. ಆದರೆ ನೀನು ಎಸ್‌ಟಿಡಿ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ನಿಂತು, ‘ಎಲ್ಲಾ ಆರಾಮ ಅದ, ಇಡ್ಲಾ?’ ಎಂದು ಇಟ್ಟುಬಿಡುತ್ತೀಯ. ನನಗೆ ಹೇಳಬೇಕಾಗಿರುವುದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಮಾತು ನಿನ್ನ ಕಣ್ಣಿನದು. ಒಡೆದ ಚಷ್ಮಾದ್ದಲ್ಲ, ಕಣ್ಣಿನದು. ನೀನು ಈಗ ಎದ್ದು ಅಡುಗೆಮನೆಗೆ ಹೋಗುತ್ತೀಯ, ಹೋಗಬೇಡ. ಅಪ್ಪಾ, ಸೆರಗು ಹಿಡಿದಾದರೂ ಕೂಡಿಸಿ.

ನಾನು ಕೂಗಾಡಿದ್ದು ಯಾಕೆಂದು ಹೇಳಬೇಕಾದರೆ ನನ್ನ ದಿನ ಹೇಗೆ ಹೋಗುತ್ತದೆಂದು ಹೇಳಬೇಕು. ಇದು ನೆಪವಲ್ಲ. ನೆಪವೇ ಅಂದುಕೋ, ಪರವಾಗಿಲ್ಲ. ಇಂದಿರಾನಗರದ ನಮ್ಮ ಫಿಟ್ನೆಸ್ ಸೆಂಟರಿನ ಬಾಗಿಲನ್ನು ಬೆಳಿಗ್ಗೆ ಆರಕ್ಕೆ ತೆರೆಯುವವಳು ನಾನು. ಐದೂಕಾಲಿಗೆ ಮನೆ ಬಿಡುತ್ತೇನೆ. ದತ್ತು ಪೇಪರಿನ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವುದು ಅದೇ ಹೊತ್ತಿಗೆ. ಒಂದೇ ಕೋಣೆಯಲ್ಲಿರುವ ಅಣ್ಣ ತಂಗಿ ಕೆರೆಯ ಪಕ್ಕದ ರಸ್ತೆಯಲ್ಲಿ ಎದುರುಬದುರಾಗಿ, ‘ಬೀಗ ಎಲ್ಲೈತಿ’, ‘ಅಲ್ಲೇ ಐತಿ’ ಎಂದು ಮಾತಾಡಿಕೊಳ್ಳುತ್ತೇವೆ. ಸೆಂಟರಿಗೆ ಬರುವ ಹೆಂಗಸರು ಕಾರಿನಲ್ಲಿ ಬಂದು, ಮಿಶಿನ್ನಿನ ಪಟ್ಟಿಯ ಮೇಲೆ ಮುಕ್ಕಾಲು ಗಂಟೆ ನಡೆದು, ಮತ್ತೆ ಕಾರಿನಲ್ಲಿ ಹೋಗುತ್ತಾರೆ. ಕಾರು ಬಿಟ್ಟು ಮನೆಯಿಂದ ನಡೆದೇ ಬಂದರೆ ಎರಡೂ ಕೆಲಸ ಆಗುತ್ತಿತ್ತಲ್ಲ ಎಂದು ಮೊದಲ ವಾರ ಬಾಯಿ ತಪ್ಪಿ ಅಂದುಬಿಟ್ಟಿದ್ದೆ. ಮೇಡಂ ನನ್ನನ್ನು ಒಳಗೆ ಕರೆದು, ‘ಸುಜಾತಾ, ಕಸ್ಟಮರ್ ಮುಂದೆ ಹಂಗೆಲ್ಲ ಜೋಕ್ ಮಾಡ್ಬಾರ್ದು’ ಎಂದರು. ನಾನು ಜೋಕು ಮಾಡಿರಲಿಲ್ಲ.

ಮದುವೆ ಗೊತ್ತಾಯಿತು ಎಂದು ಪೇಡೆ ಕೊಟ್ಟಿದ್ದೇ ನನ್ನ ತಪ್ಪು. ಮೇಡಂ ಹೊಸದಾಗಿ ‘ಬ್ರೈಡಲ್ ಪ್ಯಾಕೇಜ್’ ಎಂದು ಶುರುಮಾಡಿದ್ದಾರೆ, ಮದುಮಗಳನ್ನು ಎರಡು ತಿಂಗಳಲ್ಲಿ ತೆಳ್ಳಗೆ ಮಾಡುವುದು. ಅದರ ಮೊದಲ ಮದುಮಗಳು ನಾನೇ, ಪುಕ್ಕಟೆ. ‘ನೀನೇ ನಮ್ ಅಡ್ವರ್ಟೈಸ್‌ಮೆಂಟು ಕಣೇ. ಜಸ್ಟ್ ನಾಲ್ಕು ಕೇಜಿ. ಬಿಫೋರ್, ಆಫ್ಟರ್ ಅಂತ ಎರಡು ಫೋಟೋ ಹಾಕೋಣ’ ಎಂದರು. ಬಿಫೋರ್ ಫೋಟೋ ಆಗಲೇ ತೆಗೆದಾಗಿದೆ, ಅದರಲ್ಲಿ ನಾನು ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೇನೆ. ಬೆಳಗಿನ ಪಾಳಿ ಮುಗಿದ ಮೇಲೆ ನಾನೂ ಆ ಪಟ್ಟಿಯ ಮೇಲೆ ಓಡಬೇಕು, ಬಗ್ಗಬೇಕು, ಡಂಬೆಲ್ ಎತ್ತಬೇಕು. ಆಮೇಲೆ ಮಧ್ಯಾಹ್ನ ಮೂರು ಗಂಟೆ ಬಿಡುವು, ಮತ್ತೆ ನಾಲ್ಕರಿಂದ ಎಂಟು ಕೆಲಸ. ಆ ಮೂರು ಗಂಟೆಯಲ್ಲೇ ಬಾಣಸವಾಡಿಯ ಛತ್ರದವನನ್ನು ನೋಡುವುದು, ಅಡಿಗೆಯವರನ್ನು ಹಿಡಿಯುವುದು, ಶಿವಾಜಿನಗರದ ಪ್ರೆಸ್ಸಿನಲ್ಲಿ ಕಾರ್ಡು ತಿದ್ದುವುದು. ಕಾರ್ಡಿನಲ್ಲಿ ಅಪ್ಪನ ಹೆಸರನ್ನು ಮೊದಲ ಸಲ ಭಗವಾನ್‌ರಾವ್ ಎಂದು ಮಾಡಿದ್ದರು, ಎರಡನೆಯ ಸಲ ಭಾಗವತರಾಯ ಎಂದು ಮಾಡಿದರು. ಮೂರನೆಯ ಸಲ ನಾನೇ ಅಚ್ಚಿನವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ.

ಲಕ್ಷ್ಮಿಕಾಂತ ಅವರು ಒಳ್ಳೆಯವರು. ಹೆಸರು ಬರೆದೆ ಎಂದು ಬೈಯಬೇಡ, ಇನ್ನೂ ತಾಳಿ ಕಟ್ಟಿಲ್ಲ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಸೆಂಟರಿಗೆ ಫೋನು ಮಾಡಿ, ‘ಮೇಡಂ, ಲೇಡೀಸ್ ಬ್ಯಾಚ್ ಎಷ್ಟು ಗಂಟೆಗ್ರೀ’ ಎಂದು ಗಂಭೀರವಾಗಿ ಕೇಳುತ್ತಾರೆ. ನಾನೂ ಅಷ್ಟೇ ಗಂಭೀರವಾಗಿ ಸಮಯ ಹೇಳುತ್ತೇನೆ. ಇಷ್ಟೇ ನಮ್ಮ ಮಾತು. ಈ ನಗರದಲ್ಲಿ ದಿನಕ್ಕೊಮ್ಮೆ ನನಗೆ ನಗು ಬರುವುದು ಆಗ ಮಾತ್ರ.

ಇಷ್ಟರ ನಡುವೆ ರುಖವತ. ಕೌಂಟರಿನ ರಿಜಿಸ್ಟರ್ ಕೆಳಗೆ ಮಣಿಯ ಡಬ್ಬಿ ಇಟ್ಟುಕೊಂಡು ತೋರಣ ಪೋಣಿಸುತ್ತಿದ್ದಾಗ ಮೇಡಂ ನೋಡಿ, ಇದೇನು ಎಂದು ಕೇಳಿದರು. ನಮ್ಮ ಕಡೆ ಮದುಮಗಳು ತನ್ನ ಕೈಯಾರೆ ಮಾಡಿದ ದಿಂಬಿನ ಚೀಲ, ತೋರಣ, ಕೌದಿ, ಬಣ್ಣದ ಕೊಬ್ಬರಿ ಬಟ್ಟಲು ಎಲ್ಲವನ್ನೂ ಮದುವೆಯ ದಿನ ಮೇಜಿನ ಮೇಲೆ ಜೋಡಿಸಿಡುತ್ತಾರೆ, ಬೀಗರ ಕಡೆಯ ಹೆಂಗಸರು ಒಂದೊಂದನ್ನೇ ಎತ್ತಿ ನೋಡುತ್ತಾರೆ, ಅದಕ್ಕೆ ರುಖವತ ಅನ್ನುತ್ತಾರೆ ಎಂದು ಹೇಳಿದೆ. ‘ಹೌ ಸ್ವೀಟ್! ಹ್ಯಾಂಡಿಕ್ರಾಫ್ಟ್ ಎಕ್ಸಿಬಿಷನ್’ ಎಂದರು ಮೇಡಂ. ಎಕ್ಸಿಬಿಷನ್ನೇ ಸರಿ, ಪರೀಕ್ಷೆಯೂ ಹೌದು. ಫೇಲಾದರೆ ಜನ್ಮವಿಡೀ ಬೀಗರ ಬಾಯಲ್ಲಿ ಆಡಿಕೊಳ್ಳುವ ಮಾತಾಗುತ್ತದೆ.

ಅವ್ವಾ, ನಿಶ್ಚಯದ ದಿನ ನಮ್ಮ ಪಡಸಾಲೆಯಲ್ಲಿ ಎಲ್ಲರ ಎದುರು ನೀನು, ‘ನನ್ನ ಮಗಳು ಇಪ್ಪತ್ತೊಂದು ಸಾಮಾನು ಕೈಯಾರೆ ಮಾಡ್ಯಾಳ’ ಎಂದು ಹೇಳಿದೆಯಲ್ಲ, ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಆಗ ನನ್ನ ಹತ್ತಿರ ಇದ್ದದ್ದು ಅರ್ಧ ತೋರಣ. ಒಳಗೆ ಬಂದು ಜಗಳ ಮಾಡಿದರೆ ನೀನು, ‘ನೀ ಅಲ್ಲಿ ನೌಕರಿ ಮಾಡು, ನಾ ಇಲ್ಲಿ ಹೊಲೀತೀನಿ. ಯಾರ ಕೈ ಅಂತ ಯಾರಿಗಿ ಗೊತ್ತಾಗ್ತದ?’ ಎಂದೆ. ಸಿಟ್ಟಿನಲ್ಲೂ ನನಗೆ ಒಳಗೊಳಗೆ ಹಗುರವಾಯಿತು. ಸುಳ್ಳು ಹೇಳುವುದಿಲ್ಲ, ನಿನ್ನ ಹೆಗಲಿಗೆ ಹೊರೆ ಹಾಕಿ ನಾನು ನಿಟ್ಟುಸಿರು ಬಿಟ್ಟೆ. ನಿನ್ನ ಕಸೂತಿ ಎಂದರೆ ಊರಿಗೇ ಗೊತ್ತು, ಇನ್ನೇನು ಚಿಂತೆ ಅಂದುಕೊಂಡೆ.

ಚಿಂತೆ ಬೇರೆ ಕಡೆಯಿಂದ ಬಂತು. ನಿಶ್ಚಯ ಮುಗಿದು ಇಲ್ಲಿಗೆ ಬಂದ ಮೇಲೆ ಕೆ.ಆರ್. ಪುರದ ಬೀಗರ ಮನೆಯಲ್ಲಿ ಗಾಳಿ ಬದಲಾಗಿತ್ತು. ಲಕ್ಷ್ಮಿಕಾಂತ ಅವರ ತಾಯಿ ಯಂಕಮ್ಮನವರು ಮೊದಲು ನನ್ನನ್ನು ‘ಬಾ ತಂಗಿ’ ಎನ್ನುತ್ತಿದ್ದವರು, ‘ಬಂದ್ರೇನು, ಕೂಡ್ರಿ’ ಎಂದು ಬಹುವಚನಕ್ಕೆ ಹೋದರು. ಬೀಗರ ಮನೆಯಲ್ಲಿ ಬಹುವಚನ ಬಂತೆಂದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಛತ್ರದ ವಿಷಯ ಕೇಳಿದರೆ ‘ನಿಮ್ಮ ಮನಸ್ಸಿಗಿ ಬಂದಂಗ ಮಾಡ್ರಿ’. ಸೀರೆ ಆರಿಸಲು ಕರೆದರೆ ಮಂಡಿ ನೋವು. ಲಕ್ಷ್ಮಿಕಾಂತ ಅವರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ನಿನಗೆ ಇದನ್ನು ನಾನು ಹೇಳಿರಲಿಲ್ಲ. ಮದುವೆ ಮುರಿಯುತ್ತದೋ ಏನೋ ಎಂದು ಎದೆಯಲ್ಲಿ ಒಂದು ಕಲ್ಲು ಇಟ್ಟುಕೊಂಡೇ ಪಟ್ಟಿಯ ಮೇಲೆ ಓಡುತ್ತಿದ್ದೆ.

ಆ ಹೊತ್ತಿಗೆ ನಿನ್ನ ಪಾರ್ಸಲ್ಲು ಬಂತು. ಬಟ್ಟೆಗಂಟನ್ನು ಬಿಚ್ಚಿದಾಗ ಮನೆಯ ವಾಸನೆ ಬಂದು ಕಣ್ಣು ತುಂಬಿತು, ಮರುಕ್ಷಣವೇ ತಲೆ ಕೆಟ್ಟಿತು. ದಿಂಬಿನ ಚೀಲದ ಮೇಲೆ ಜೋಡಿ ಗಿಳಿ, ಒಂದು ಹಸಿರು, ಒಂದು ಕಡುನೀಲಿ. ತುಳಸಿಕಟ್ಟೆಯ ಎಲೆಗಳು ಅರ್ಧ ನೀಲಿ. ಹಂಸಗಳಿಗೆ ಬಿಳಿಯ ಬದಲು ನಸುಹಳದಿ ದಾರ. ಬಾಗಿಲಿಗೆ ಹಾಕುವ ಬಟ್ಟೆಯ ಮೇಲೆ ‘ಸುಸ್ವಾಗತ’ ನೆಟ್ಟಗೆ ಶುರುವಾಗಿ, ಕೊನೆಗೆ ಬರುವಷ್ಟರಲ್ಲಿ ಎರಡು ಬೆರಳು ಮೇಲಕ್ಕೆ ಹತ್ತಿತ್ತು. ಯಂಕಮ್ಮನವರು ಇದನ್ನು ಎತ್ತಿ ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ಅವತ್ತು ಬೆಳಿಗ್ಗೆ ಮೇಡಂ ಬೇರೆ ಎರಡು ಕೇಜಿ ಬಾಕಿ ಎಂದು ತೂಕದ ಮಿಶಿನ್ನಿನ ಮೇಲೆ ನಿಲ್ಲಿಸಿ ಬೈದಿದ್ದರು. ಎಲ್ಲ ಸಿಟ್ಟನ್ನೂ ಹೊತ್ತುಕೊಂಡು ಹೋಗಿ ಮರುದಿನ ಭಾನುವಾರ ನಿನಗೆ ಫೋನು ಮಾಡಿದೆ.

ನಾನು ಏನೇನು ಅಂದೆ ಎನ್ನುವುದು ನನಗೆ ನೆನಪಿದೆ. ನಿನಗೆ ಮನಸ್ಸಿಲ್ಲದಿದ್ದರೆ ಯಾಕೆ ಒಪ್ಪಿಕೊಂಡೆ ಎಂದೆ. ಚಿಕ್ಕ ಹುಡುಗಿಯರೂ ಇದಕ್ಕಿಂತ ಚೆನ್ನಾಗಿ ಹೊಲಿಯುತ್ತಾರೆ, ಇದನ್ನು ಮೇಜಿನ ಮೇಲಿಟ್ಟರೆ ನಿನ್ನ ಮಗಳ ಮರ್ಯಾದೆ ಹೋಗುತ್ತದೆ ಎಂದೆ. ನೀನು, ‘ಕರೆಂಟ ಇರಲಿಲ್ಲ, ಬಿಚ್ಚಿ ಮತ್ತ ಹಾಕ್ತೀನಿ, ಕಳಸು’ ಎಂದೆ. ನೀನು ಒಂದು ಮಾತು ತಿರುಗಿ ಬೈದಿದ್ದರೂ ನನಗೆ ನಿದ್ದೆ ಬರುತ್ತಿತ್ತು ಅವ್ವಾ.

ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಬಿಚ್ಚಿ ಹಾಕೋಣವೆಂದು ಹಸಿರು ದಾರ ತರಲು ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ದಾರ, ಮಣಿ, ಲೇಸಿನ ಒಂದು ಸಣ್ಣ ಅಂಗಡಿಯಿದೆ. ನಡೆಸುವವರು ಶಂಶುನ್ನೀಸಾ ಎಂಬ ಹೆಂಗಸು, ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ತೋರಣದ ಮಣಿ ಪೋಣಿಸುವುದನ್ನು ನನಗೆ ಕಲಿಸಿದವರೂ ಅವರೇ. ಯಾವ ಹಸಿರು ಬೇಕೆಂದು ತೋರಿಸಲು ನಿನ್ನ ದಿಂಬಿನ ಚೀಲ ಕೊಟ್ಟೆ. ಜೊತೆಗೆ ನಿನ್ನ ಮೇಲೆ ಚಾಡಿಯನ್ನೂ ಹೇಳಿದೆ. ಅವರು ಚೀಲವನ್ನು ಮುಂದೆ ನೋಡಲಿಲ್ಲ, ಹಿಂದೆ ತಿರುಗಿಸಿ ಬೆರಳಾಡಿಸಿದರು. ‘ಬೇಟಿ, ಇದು ಕೆಲಸ ಬರ್ದೇ ಇರೋರ್ ಕೈ ಅಲ್ಲ. ಹಿಂದ್ಗಡೆ ನೋಡು, ಒಂದು ಗಂಟು ಕಾಣಲ್ಲ. ಮುಂದಿಗಿಂತ ಹಿಂದೇನೇ ಚಂದ ಐತೆ. ತಪ್ಪಿರೋದು ಕೈ ಅಲ್ಲ, ಕಣ್ಣು’ ಎಂದರು.

ನಾನು ನಂಬಲಿಲ್ಲ. ಚಷ್ಮಾ ಒಡೆದಿದೆ ಅಷ್ಟೇ ಎಂದೆ. ಅವರು ಮಣಿಯ ಪೊಟ್ಟಣದ ಹಳೆಯ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಬಿಸಿಲಿಗೆ ಹಳದಿಗಟ್ಟಿ ಮಂಕಾಗಿದ್ದ ಅದನ್ನು ಎರಡು ಮಡಿಕೆ ಮಾಡಿ ನನ್ನ ಕಣ್ಣ ಮುಂದೆ ಹಿಡಿದು, ಎರಡು ಲಡಿ ದಾರ ತೋರಿಸಿ, ‘ಯಾವುದು ಹಸಿರು, ಹೇಳು’ ಎಂದರು. ನನಗೆ ಎರಡೂ ಒಂದೇ ಥರ ಕಪ್ಪಾಗಿ ಕಂಡವು. ಬಿಳಿ ಲಡಿಯನ್ನೂ ಹಳದಿ ಲಡಿಯನ್ನೂ ಹಿಡಿದರು, ಅದೂ ತಿಳಿಯಲಿಲ್ಲ. ‘ಹೋದ ವರ್ಷ ಆಪ್ರೇಸನ್ ಆಗೋಗಂಟ ನಂಗೂ ಹಿಂಗೇ ಕಾಣ್ತಿತ್ತು. ಕೆಂಪು ಮಣಿ ಕೇಳಿದ್ರೆ ಕಂದು ಕೊಟ್ಟು ಗಿರಾಕಿ ಹತ್ರ ಬೈಸ್ಕೊಂಡಿದೀನಿ. ಪೊರೆ ಬಂದೈತೆ ನಿಮ್ಮಮ್ಮಂಗೆ. ಹೇಳ್ತಾ ಇಲ್ಲ. ನಾನೂ ನನ್ ಮಕ್ಳಿಗೆ ಎರಡು ವರ್ಷ ಹೇಳಿರ್ಲಿಲ್ಲ’ ಎಂದರು. ದಾರ ಕೊಡಲಿಲ್ಲ. ‘ಬಿಚ್ಚಬೇಡ. ಇದನ್ನ ಬಿಚ್ಚಿದ್ರೆ ಪಾಪ’ ಎಂದು ಚೀಲ ಮಡಿಚಿ ನನ್ನ ಕೈಗಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ ಅವ್ವಾ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಅನುಕೂಲ. ಒಂದೊಂದೇ ನೆನಪಾಯಿತು. ನಿನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ಅಪ್ಪ, ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಅಪ್ಪಾ, ಪ್ರೀತಿಯೇ, ಅಲ್ಲವೆನ್ನುವುದಿಲ್ಲ. ಆದರೆ ನೀವು ಒಂದು ಕಾರ್ಡು ಬರೆಯಬಹುದಿತ್ತಲ್ಲ? ಬಣ್ಣದ ವಿಷಯದಲ್ಲಿ ನಿಮ್ಮನ್ನು ಕೇಳುವುದೂ ಗೋಡೆಯನ್ನು ಕೇಳುವುದೂ ಒಂದೇ ಎಂದು ಗೊತ್ತು, ಆದರೂ ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟಿದ್ದು ನಿಮ್ಮ ಹಲ್ಲಿಗಾದರೂ ತಿಳಿದಿರಬೇಕು. ಅವ್ವಾ, ನಿಶ್ಚಯಕ್ಕೆ ನಾನು ಊರಿಗೆ ಬಂದಾಗ ನೀನು ನನ್ನ ಗಲ್ಲ ಸವರಿ ಸವರಿ ನೋಡಿದೆ. ನಾನು ತೆಳ್ಳಗಾದೆನೆಂದು ಸಂಕಟವಿರಬೇಕು ಅಂದುಕೊಂಡೆ. ನೀನು ಕೈಯಿಂದ ನೋಡುತ್ತಿದ್ದೆ. ಅದೇ ನೆನಪಿನ ಹಿಂದೆ ಇನ್ನೊಂದು ಬಂತು, ಉಡಿ ತುಂಬಿದ್ದು.

ನಿನಗೆ ಈಗಲೂ ಇದು ಗೊತ್ತಿಲ್ಲ, ಗಟ್ಟಿ ಮನಸ್ಸು ಮಾಡಿ ಕೇಳು. ನಿಶ್ಚಯದ ದಿನ ಬೀಗರ ಹೆಂಗಸರಿಗೆ ಉಡಿ ತುಂಬುವಾಗ ಮೊದಲ ಉಡಿ ಯಂಕಮ್ಮನವರಿಗೆ ಸಲ್ಲಬೇಕಿತ್ತು. ನೀನು ತೆಂಗಿನಕಾಯಿ, ಖಣ, ಅಕ್ಕಿ ಹಿಡಿದು ಬಂದು ಅವರ ಪಕ್ಕದಲ್ಲಿ ಕೂತಿದ್ದ ಅವರ ಮೈದುನನ ಹೆಂಡತಿಗೆ, ಆ ನೆಗೆಣ್ಣಿಗೆ, ತುಂಬಿದೆ. ಅವತ್ತು ಇಬ್ಬರೂ ಹಸಿರು ಇಳಕಲ್ ಸೀರೆ ಉಟ್ಟಿದ್ದರು, ಇಬ್ಬರದೂ ಒಂದೇ ಮೈಕಟ್ಟು. ಬಾಗಿಲ ಕಡೆಯಿಂದ ಬೆಳಕು ಬೇರೆ. ನಾನು ತಲೆ ಬಗ್ಗಿಸಿ ಕೂತಿದ್ದೆ, ಓರೆಗಣ್ಣಿಗೆ ಬಿದ್ದದ್ದನ್ನು ಅವತ್ತು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಯಂಕಮ್ಮನವರು ಯಾವತ್ತೂ ತಾವಾಗಿ ಬಾಯಿಬಿಟ್ಟು ಹೇಳುವವರಲ್ಲ. ಅವರಿಗೂ ಆ ನೆಗೆಣ್ಣಿಗೂ ಆಸ್ತಿಯ ಮನಸ್ತಾಪ ಇದೆ ಎಂದು ಲಕ್ಷ್ಮಿಕಾಂತ ಅವರು ಆಮೇಲೆ ಹೇಳಿದರು. ಬೇರೆ ಯಾರಿಗೆ ತುಂಬಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ.

ಇವತ್ತು ಬೆಳಿಗ್ಗೆ ಕೆ.ಆರ್. ಪುರಕ್ಕೆ ಹೋಗಿದ್ದೆ. ನಾನೇ ಹೋದೆ, ಒಬ್ಬಳೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಎಲ್ಲ ಮರೆತುಹೋಯಿತು. ಲಕ್ಷ್ಮಿಕಾಂತ ಅವರೂ ಅವರ ತಂದೆಯೂ ಮಾರ್ಕೆಟ್ಟಿಗೆ ಹೋಗಿದ್ದರು. ಯಂಕಮ್ಮನವರು ಕಾಳು ಹಸನು ಮಾಡುತ್ತ ಕೂತಿದ್ದರು. ‘ಬಂದ್ರೇನು, ಕೂಡ್ರಿ’ ಎಂದರು, ಅದೇ ಬಹುವಚನ. ನಾನು ದಿಂಬಿನ ಚೀಲ ತೆಗೆದು ಅವರ ಮುಂದೆ ಹಾಸಿ, ಇದು ನನ್ನ ರುಖವತ, ಇದನ್ನು ನಾನು ಮಾಡಿಲ್ಲ, ನಮ್ಮವ್ವ ಮಾಡಿದ್ದು ಎಂದೆ. ನಾನು ಮಾಡಿದ್ದು ಒಂದೂವರೆ ತೋರಣ ಮಾತ್ರ ಎಂದೂ ಹೇಳಿದೆ. ನಿನ್ನ ಮಾತನ್ನು ಸುಳ್ಳು ಮಾಡಿದೆ, ನನ್ನನ್ನು ಬೈದುಕೋ. ಆಮೇಲೆ ಗಿಳಿ ತೋರಿಸಿ, ನಿನಗೆ ಬಣ್ಣ ಕಾಣುತ್ತಿಲ್ಲ, ಮುಖವೂ ಕಾಣುತ್ತಿಲ್ಲ, ಹೇಳಿದರೆ ಮದುವೆಯ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ಒಯ್ಯುತ್ತಾರೆಂದು ಮುಚ್ಚಿಟ್ಟಿದ್ದೀಯ ಎಂದೆ.

ಯಂಕಮ್ಮನವರು ಮೊರ ಪಕ್ಕಕ್ಕಿಟ್ಟು, ಚೀಲವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ‘ಮಾರಿನೂ ಕಾಣಂಗಿಲ್ಲೇನು?’ ಎಂದು ಕೇಳಿದರು. ಹೌದೆಂದೆ. ‘ಅವತ್ತು ನನ್ನ ಬಿಟ್ಟು ನನ್ನ ನೆಗೆಣ್ಣಿಗಿ ಉಡಿ ತುಂಬಿದ್ಲು ನಿಮ್ಮವ್ವ. ಹತ್ತು ಮಂದಿ ನಡುವ. ಎರಡು ತಿಂಗಳಾತು, ಉಂಡ ಅನ್ನ ಮೈಗಿ ಹತ್ತಿಲ್ಲ ನನಗ. ಬೇಕಂತ ಮಾಡ್ಯಾಳ ಅಂದ್ಕೊಂಡಿದ್ದೆ’ ಎಂದರು. ಆಮೇಲೆ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕೂತು, ‘ಮಕ್ಕಳ ಮದುವಿ ಅಂದ್ರ ನಾವು ಹೆಣ್ಣಮಕ್ಕಳು ಹಿಂಗೇ ಹುಚ್ಚರಾಗ್ತೀವಿ’ ಎಂದು ಕಣ್ಣೊರೆಸಿಕೊಂಡರು. ನನಗೆ ಚಹಾ ಮಾಡಿ ಕೊಟ್ಟರು, ‘ಕುಡಿ ತಂಗಿ’ ಎಂದರು. ಆ ಒಂದು ಏಕವಚನಕ್ಕೆ ನಾನು ಬಸ್ಸಿನಲ್ಲಿ ಹಲಸೂರಿನವರೆಗೆ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಎಲ್ಲ ಬೆಲ್ಲದಂತೆ ಮುಗಿಯಿತೆಂದು ತಿಳಿಯಬೇಡ, ಅವರು ಯಂಕಮ್ಮನವರು. ಹೊರಡುವಾಗ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದರು. ಮೊದಲನೆಯದು, ‘ಇನ್ನ ಒಂದು ಹೊಲಿಗಿ ಹಾಕಬ್ಯಾಡ ಅನ್ನು ನಿಮ್ಮವ್ವಗ. ಎಷ್ಟಾಗ್ಯಾವ ಅಷ್ಟ ಇಡ್ರಿ. ನೀಲಿ ಗಿಳಿ ನೋಡಿ ಯಾರರೆ ನಕ್ಕರ ನಾ ಇದ್ದೀನಿ.’ ಎರಡನೆಯದು, ‘ಉಡಿ ಮಾತ್ರ ನಿಮ್ಮವ್ವ ನನಗ ತಿರುಗಿ ತುಂಬಬೇಕು. ನನ್ನ ಮಾರಿ ನೋಡಿ ತುಂಬಬೇಕು. ಅದು ನನ್ನ ಹಟ.’ ನನಗೆ ನಗಬೇಕೋ ಅಳಬೇಕೋ ತಿಳಿಯದೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದೆ.

ಆದ್ದರಿಂದ ಅವ್ವಾ, ಸೂಜಿ ಕೆಳಗಿಡು. ಶಾವಿಗೆ, ಹಪ್ಪಳ, ಸಂಡಿಗೆ ಯಾವುದೂ ಬೇಡ, ಇಲ್ಲಿ ಎಲ್ಲ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯ ಹಪ್ಪಳಕ್ಕೆ ರುಚಿ ಇಲ್ಲವೆಂದು ಶುರುಮಾಡಬೇಡ. ಶಂಶುನ್ನೀಸಾ ಅವರು ತಮಗೆ ಆಪರೇಷನ್ ಆದ ಆಸ್ಪತ್ರೆಯನ್ನು ತೋರಿಸಿದ್ದಾರೆ. ಒಂದು ದಿನದ ಕೆಲಸ, ಆಮೇಲೆ ಒಂದು ತಿಂಗಳು ಹೊಗೆ, ಧೂಳು, ಬಗ್ಗುವುದು ಕೂಡದು, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು ಎಂದು ಹೇಳಿದರು. ಮದುವೆಯಾದ ಮೇಲೆ ನೋಡೋಣ ಎಂದು ನೀನು ಹೇಳುತ್ತೀಯೆಂದು ಗೊತ್ತು. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು, ನಾನು ಬಲವಂತ ಮಾಡುವುದಿಲ್ಲ. ಫೋನಿನಲ್ಲಿ ಅಂದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೋ. ನೀನು ಬಿಚ್ಚಿ ಹಾಕುತ್ತೇನೆಂದೆಯಲ್ಲ, ಆ ಮಾತು ಕಿವಿಯಿಂದ ಹೋಗುತ್ತಿಲ್ಲ.

ನನಗೆ ದಣಿವಾಗಿದೆ ಅವ್ವಾ. ನಿನ್ನ ತೊಡೆಯ ಮೇಲೆ ತಲೆಯಿಟ್ಟು ಒಂದು ದಿನ ಮಲಗಬೇಕು, ಯಾವ ಪ್ಯಾಕೇಜೂ ಬೇಡ. ಅಪ್ಪನಿಗೆ ನನ್ನ ನಮಸ್ಕಾರ, ಜೊತೆಗೆ ಸ್ವಲ್ಪ ಸಿಟ್ಟು. ನಿನ್ನ ಕೈ ನನ್ನ ತಲೆಯ ಮೇಲೆ ಸದಾ ಇರಲಿ.

ನಿನ್ನ ಬಾಯಿಬಡಕಿ ಮಗಳು,
ಸುಜಾತಾ

ತಾ.ಕ.: ದತ್ತು ಲಕೋಟೆಗೆ ಕೈಚಾಚಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮನಸ್ಸಿಗೆ ಬಂದ ಹಾಗೆ ಮಾಡು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಒಳಗೆ ಎರಡು ರೈಲು ಟಿಕೆಟ್ ಇಟ್ಟಿದ್ದೇನೆ, ಹದಿನೆಂಟನೆಯ ತಾರೀಖು ಶುಕ್ರವಾರ ಗುಲ್ಬರ್ಗಾದಿಂದ. ಶನಿವಾರ ಡಾಕ್ಟರು ನೋಡುತ್ತಾರೆ, ಅವರು ಸರಿ ಎಂದರೆ ಸೋಮವಾರ ಆಪರೇಷನ್. ನಿನಗೆ ಹನಿ ಹಾಕಲು ಒಬ್ಬರು ಬೇಕೆಂದು ಸಾಯಂಕಾಲದ ಪಾಳಿ ಬಿಟ್ಟುಬಿಟ್ಟಿದ್ದೇನೆ. ಮೇಡಂ ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ. ಅಪ್ಪಾ, ಇನ್ನು ಮುಂದಿನದನ್ನು ಎರಡು ಸಲ ಓದಿ. ಅವ್ವಾ, ರುಖವತ ಊರಿಗೆ ತೋರಿಸಲು, ತೂಕ ಇಳಿಸಿದ್ದು ಮೇಡಂಗೆ ತೋರಿಸಲು, ಸೀರೆ ಬೀಗರಿಗೆ ತೋರಿಸಲು. ನನ್ನ ಮುಖ ಮಾತ್ರ ನಿನಗೆ ತೋರಿಸಲು. ಮೇ ಹದಿನೆಂಟಕ್ಕೆ ಅಂತರಪಟ ಸರಿದಾಗ ನೀನು ನನ್ನನ್ನು ಕಣ್ತುಂಬ ನೋಡಿ ಅಕ್ಷತೆ ಹಾಕಬೇಕು. ವಾಲಗದ ಸದ್ದು ಎಲ್ಲಿಂದ ಬಂತೋ ಅತ್ತ ಕಡೆ ಎಸೆಯುವುದಲ್ಲ.